ಮೀಸೆ ಸರ್‌ಗೆ ಮಾತು ದಾಟಿಸಿದವಳು

ಸೂಜಿ ಎಂಬುದು ಅವಳಿಗೆ ಬಿದ್ದ ಹೆಸರು. ಮೈ ಕಡ್ಡಿಯಂತಿದ್ದುದಕ್ಕೂ ಸರಿ, ಬಾಯಿ ಚುಚ್ಚುತ್ತಿದ್ದುದಕ್ಕೂ ಸರಿ, ದರ್ಜಿಯ ಮಗಳಾಗಿದ್ದುದಕ್ಕಂತೂ ಇನ್ನೂ ಸರಿ. ಅಪ್ಪನ ಅಂಗಡಿ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿತ್ತು. ಎದ್ದು ನಿಂತರೆ ತಲೆ ತಾಗುವ ಜಾಗ, ಹಾಗಾಗಿ ಕೂತೇ ಬಾಳಿದ ಮನುಷ್ಯ. ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅಲ್ಲಿಗೆ ಕಪ್ಪು ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದ. ಸೂಜಿ ಅಲ್ಲೇ ಮೂಲೆಯಲ್ಲಿ ಕಾಜಾ ಹಾಕುತ್ತ ಬೆಳೆದಳು. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವುದನ್ನು ನೋಡಿ, ಅವರು ಅತ್ತ ಹೋದ ಮೇಲೆ ಥೇಟ್ ಅವರಂತೆಯೇ ನಿಂತು ತೋರಿಸುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಅಪ್ಪ ನಗಲೂ ಆಗದೆ, ಬಿಡಲೂ ಆಗದೆ ಒದ್ದಾಡುತ್ತಿದ್ದ.

"ನುಂಗಿಬಿಟ್ರೆ ನಿನ್ನ ತಲೆ ಮೇಲೆ ಬರುತ್ತೆ ನೋಡು," ಎಂದು ಆಮೇಲೆ ಬೈಯುತ್ತಿದ್ದ.

ಮೇಜು ಕುರ್ಚಿಗಳ ಗೋದಾಮೊಂದರ ಮೇಲಿನ ಕೋಣೆಯಲ್ಲಿ, ಧೈರ್ಯ ಇದ್ದವರು ಯಾರು ಬೇಕಾದರೂ ಮೈಕು ಹಿಡಿದು ಜನರನ್ನು ನಗಿಸಬಹುದಿತ್ತು. ಸೂಜಿ ಅಲ್ಲಿಗೆ ಹೋದಳು. ಮೊದಲ ಸಲ ಒಬ್ಬರೂ ನಗಲಿಲ್ಲ. ಮತ್ತೊಂದು ಸಲ ಫ್ಯಾನು ರಿಪೇರಿಗೆ ಬಂದವನು ನಕ್ಕ, ಅದೂ ಅವಳ ಮಾತಿಗಲ್ಲ. ಆಮೇಲೊಂದು ದಿನ ಅಪ್ಪನ ಕಥೆ ಹೇಳಿದಳು.

ನೆರೆಮನೆಯ ಮುದುಕ ಆಸೆಪಟ್ಟು ಒಂದು ಕೋಟು ಹೊಲಿಸಿದ. ಹಾಕಿಕೊಳ್ಳುವ ಮೊದಲೇ ಕಾಯಿಲೆ ಬಿದ್ದು ಹೋಗಿಬಿಟ್ಟ. ಮನೆಯವರು ಅದೇ ಕೋಟನ್ನು ಹೆಣಕ್ಕೆ ತೊಡಿಸಿದರು. ನೋಡಲು ಹೋದ ಅಪ್ಪ ಒಂದು ಗಳಿಗೆ ನಿಂತು, "ಭುಜ ಇಳಿದಿದೆ" ಎಂದು ಗೊಣಗಿ, ಕೋಟು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಓಟ ಕಿತ್ತ. ಅಳುತ್ತಿದ್ದವರು ಅಳು ಬಿಟ್ಟು ಬೆನ್ನಟ್ಟಿದರು. ಅಂಗಡಿಗೆ ಹೋಗಿ ನೋಡಿದರೆ ಅಪ್ಪ ಕಣ್ಣೊರೆಸಿಕೊಳ್ಳುತ್ತ, ಮಷೀನು ತುಳಿಯುತ್ತ, ಕೋಟನ್ನು ಬಿಗಿ ಮಾಡುತ್ತಿದ್ದ. "ಸಡಿಲ ಕೋಟಲ್ಲಿ ಕಳಿಸಿದ್ರೆ, ಯಾವನಯ್ಯ ಇದನ್ನ ಹೊಲಿದಿದ್ದು ಅಂತ ಮೇಲಿರೋರು ಕೇಳಲ್ವೇನ್ರೀ?"

ಕೋಣೆ ಬಿದ್ದು ಬಿದ್ದು ನಕ್ಕಿತು. ಕೆಲವರು ನಗುತ್ತಲೇ ಕಣ್ಣೊರೆಸಿಕೊಂಡರು.

ಅಂದು ಅತಿಥಿಯಾಗಿ ಬಂದಿದ್ದವನು ಮೀಸೆ. ಟಿವಿಯಲ್ಲಿ ವಾರವಾರವೂ ನಗಿಸುತ್ತಿದ್ದ ಹಾಸ್ಯನಟ. ಮೀಸೆ ಸರ್ ಎಂದರೆ ಮಕ್ಕಳಿಗೂ ಗೊತ್ತು. ಕಾರ್ಯಕ್ರಮ ಮುಗಿದ ಮೇಲೆ ಅವಳನ್ನು ಪಕ್ಕದ ಕೋಣೆಗೆ ಕರೆದ.

"ಇನ್ನೊಂದ್ಸಲ ಹೇಳಮ್ಮ. ನಿಧಾನಕ್ಕೆ. ಅಪ್ಪ ಹೇಗೆ ನಡೀತಾರೆ? ಆ ಕನ್ನಡಕ ಹೇಗೆ ಏರಿಸ್ತಾರೆ?"

ಹುಚ್ಚು ಹುಡುಗಿ ಉಬ್ಬಿಹೋದಳು. ನಡೆದು ತೋರಿಸಿದಳು, ದಾರ ಸುತ್ತಿ ತೋರಿಸಿದಳು, ಎಲ್ಲಿ ಉಸಿರು ಹಿಡಿದರೆ ಎಲ್ಲಿ ನಗು ಬೀಳುತ್ತದೆ ಎಂದೂ ಹೇಳಿಕೊಟ್ಟಳು. ಕಳ್ಳನನ್ನು ಕೂರಿಸಿ ಮನೆಯ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಪಾಠ ಮಾಡಿದ ಹಾಗೆ. ನಗಿಸುವ ಕಸುಬಿನಲ್ಲಿ ಕಥೆ ಮೊದಲು ಹುಟ್ಟಿಸಿದವರದಲ್ಲ, ಮೊದಲು ಟಿವಿಯಲ್ಲಿ ಹೇಳಿದವರದು ಎಂಬುದು ಅವಳಿಗಿನ್ನೂ ತಿಳಿದಿರಲಿಲ್ಲ.

ಸ್ವಲ್ಪ ದಿನಕ್ಕೆ ಟಿವಿಯಲ್ಲಿ ಅಪ್ಪ ಬಂದ. ಅದೇ ದಾರದ ಕನ್ನಡಕ, ಅದೇ ನಡಿಗೆ, ಮೆಟ್ಟಿಲ ಕೆಳಗಿನ ಅದೇ ಅಂಗಡಿ. ಆದರೆ ಮೀಸೆಯ ದರ್ಜಿ ಅಳಲಿಲ್ಲ, ಮಷೀನು ತುಳಿಯಲಿಲ್ಲ. ಹೆಣದ ಮೈಮೇಲಿಂದ ಕದ್ದ ಕೋಟಿಗೆ ಇಸ್ತ್ರಿ ಹಾಕಿ ಮುಂದಿನ ಗಿರಾಕಿಗೆ ಮಾರಿಬಿಟ್ಟ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೀದಿಯವರಿಗೆ ಆಸಾಮಿ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. "ಮಾಸ್ಟ್ರೇ, ಇದು ಯಾವ ಹೆಣದ್ದು?" ಎನ್ನುತ್ತ ಬಂದರು. ಮೊದಮೊದಲು ತಮಾಷೆಗೇ ಕೇಳಿದರು. ಆಮೇಲೆ ಒಬ್ಬಾಕೆ ಹೊಸ ಅಂಗಿಯನ್ನು ಒಳಹೊರಗು ಮಾಡಿ ಮೂಸಿ ನೋಡಿದಳು. ಅಪ್ಪ ಅಂದೇ ಅಂಗಡಿ ಮುಚ್ಚಿದ. ಮಷೀನನ್ನು ಮನೆಗೆ ತಂದು ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದ. ಕ್ಷೌರಕ್ಕೂ ಹೊರಗೆ ಹೋಗದಾದ. ಮಗಳೇ ಕತ್ತರಿ ಹಿಡಿಯಬೇಕಾಯಿತು.

"ಜಗಳ ಗಿಗಳ ಏನೂ ಬೇಡ," ಎಂದ ಒಂದು ದಿನ, ತಲೆ ಬಗ್ಗಿಸಿ ಕೂತಲ್ಲಿಂದಲೇ. "ದರ್ಜಿ ಕೋಟು ಕದ್ದಿಲ್ಲ ಅಂತ ಆ ಮನುಷ್ಯ ನಾಲ್ಕು ಜನರ ಮುಂದೆ ಹೇಳಿದ್ರೆ ಸಾಕಿತ್ತು."

"ಹೇಳಿಸ್ತೀನಿ ಬಿಡಪ್ಪ," ಎಂದಳು ಸೂಜಿ. ಅಂದಿನಿಂದ ಅವಳು ಉಂಡದ್ದು, ಉಟ್ಟದ್ದು, ದುಡಿದದ್ದು ಎಲ್ಲ ಈ ಒಂದು ಮಾತಿಗಾಗಿ.

ಸಿಕ್ಕ ಕಡೆಯಲ್ಲೆಲ್ಲ ಮೈಕು ಹಿಡಿದಳು. ಸೋಪಿನ ಜಾಹೀರಾತಿನಲ್ಲಿ ಬಟ್ಟೆ ಒಗೆದಳು, ಧಾರಾವಾಹಿಯಲ್ಲಿ ಪಕ್ಕದ ಮನೆಯ ಗಯ್ಯಾಳಿಯಾದಳು. ಕೊನೆಗೊಂದು ಸಿನಿಮಾದಲ್ಲಿ ನಗುವೇ ಬಾರದ ನರ್ಸ್ ಪಾತ್ರ ಸಿಕ್ಕಿತು. ಆ ಗಂಟುಮುಖಕ್ಕೆ ಜನ ಫಿದಾ ಆದರು. ಅದರಲ್ಲಿ ರೋಗಿಯಾದವನು ಮೀಸೆ.

"ನಿನ್ನನ್ನೆಲ್ಲೋ ನೋಡಿದ ಹಾಗಿದೆಯಲ್ಲಮ್ಮ?" ಎಂದ.

"ಟಿವೀಲಿ ನೋಡಿರ್ತೀರಿ ಸರ್," ಎಂದಳು. ಮನೆ ಮುರಿದವನಿಗೆ ಮುರಿದದ್ದರ ನೆನಪೂ ಇರಲಿಲ್ಲ.

ಅವನಿಗೆ ವಯಸ್ಸಾಗಿತ್ತು, ಮಾತು ಮರೆಯುತ್ತಿತ್ತು. ಮರೆತವರಿಗೆ ಜೊತೆಯವರು ಮುಂದಿನ ವಾಕ್ಯದ ಮೊದಲ ಪದವನ್ನು ಮೆಲ್ಲಗೆ ದಾಟಿಸಬೇಕು. ವೇದಿಕೆಯಲ್ಲಿ ಜಗಳವಾಡಿಕೊಂಡವರೂ ಈ ಕಟ್ಟಳೆ ಮುರಿಯುವುದಿಲ್ಲ. ಸೂಜಿ ಅವನು ತಡವರಿಸುವ ಮೊದಲೇ ದಾಟಿಸತೊಡಗಿದಳು. ಮೀಸೆಗೆ ಅದು ಹಾಯೆನಿಸಿತು. ಊರಿನಲ್ಲೇ ದಿನವೂ ಆಡಲಿದ್ದ ನಗೆನಾಟಕಕ್ಕೆ ಅವಳನ್ನೇ ಜೊತೆಗೆ ಕರೆದ. ತಿಂಗಳುಗಟ್ಟಲೆ ತಾಲೀಮಿನಲ್ಲಿ ಅವಳು ಮಗುವಿಗೆ ತುತ್ತಿಡುವ ಹಾಗೆ ಪದ ಇಟ್ಟಳು. ಅವನು ನೆನಪಿಟ್ಟುಕೊಳ್ಳುವುದನ್ನೇ ಬಿಟ್ಟ. ನಾಟಕದ ನಡುವೆ ಹೇಳಬೇಕಿದ್ದ, ಬಾಯಿಪಾಠವಾಗಿದ್ದ ದರ್ಜಿಯ ಕಥೆಗೂ ಅವಳ ಮುಖ ನೋಡುವಂತಾದ. ಅವಳಿಗೆ ಬೇಕಾಗಿದ್ದುದೂ ಅದೇ.

ಮೊದಲ ಪ್ರದರ್ಶನದ ಸಂಜೆ ಅಪ್ಪನನ್ನು ಕಾಡಿ ಬೇಡಿ ಕರೆತಂದಳು. ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡು ಅವನು ಮುಂದಿನ ಸಾಲಿನ ತುದಿಯಲ್ಲಿ ಕೂತ.

ಮೀಸೆ ದರ್ಜಿಯ ಕಥೆ ಎತ್ತಿದ. ಹೆಣದ ಮುಂದೆ ನಿಂತ. ಕೋಟಿಗೆ ಕೈ ಹಾಕಿದ. ಅಲ್ಲಿಗೆ ನಿಂತುಹೋದ. ಎಂದಿನಂತೆ ಇವಳ ಕಡೆ ನೋಡಿದ. ಸೂಜಿ ತುಟಿ ಬಿಚ್ಚಲಿಲ್ಲ.

"ಮಾತು ಕೊಡಮ್ಮ," ಎಂದು ಪಿಸುಗುಟ್ಟಿದ.

"ಕೊಡ್ತೀನಿ ಸರ್," ಎಂದಳು ಅವಳು, ಮೈಕಿಗೆ ಬಾಯಿಟ್ಟು. "ಮೊದಲು ಹೇಳಿ, ಈ ಕಥೆ ಯಾರದ್ದು?"

"ನಂದೇ ಕಣಮ್ಮ!"

"ಹಾಗಾದ್ರೆ ಮುಂದೆ ಹೇಳಿ."

ಸಭೆ ಹೋ ಎಂದಿತು. ಮೀಸೆ ಮತ್ತೆ ಕೋಟಿಗೆ ಕೈ ಹಾಕಿ ನೋಡಿದ. ಹಣೆಯ ಬಣ್ಣ ಬೆವರಿಗೆ ಇಳಿಯತೊಡಗಿತು.

"ದಾರದ ಕನ್ನಡಕ, ಮೆಟ್ಟಿಲ ಕೆಳಗಿನ ಅಂಗಡಿ. ಗೋದಾಮಿನ ಮೇಲಿನ ಕೋಣೇಲಿ ಯಾರೋ ಹುಡುಗಿ ನಡೆದು ತೋರಿಸಿದ್ಲು. ನೆನಪಾಯ್ತಾ ಸರ್?"

ನೆನಪಾಯಿತು. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. "ನಿಮ್ಮಪ್ಪಂದು," ಎಂದ.

"ಅವರು ಕೋಟು ಕದ್ದರಾ?"

"ಇಲ್ಲ."

"ಜೋರಾಗಿ ಸರ್. ಹಿಂದಿನ ಸಾಲಿಗೆ ಕೇಳಿಸಲಿಲ್ಲ."

"ಇಲ್ಲ! ಕದ್ದಿಲ್ಲ!"

"ಮತ್ತೆ ಕದ್ದಿದ್ದು ಯಾರು?"

"ನಾನು," ಎಂದ ಮೀಸೆ.

ಆಗ ಅವಳು ಮಾತು ಕೊಟ್ಟಳು. ಸಡಿಲ ಕೋಟಿನ ಬಗ್ಗೆ ಅಪ್ಪ ಆಡಿದ ಅದೇ ಮಾತು, ಅಪ್ಪನ ದನಿಯಲ್ಲೇ. ಜನ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದರು. ಎಲ್ಲ ಮೊದಲೇ ಹೊಂದಿಸಿದ ಆಟವೆಂದೇ ಅವರು ತಿಳಿದಿದ್ದರು. ತನ್ನನ್ನು ತಾನೇ ಗೇಲಿ ಮಾಡಿಕೊಂಡ ಮೀಸೆಯ ದೊಡ್ಡತನವನ್ನು ಮರುದಿನ ಪತ್ರಿಕೆಗಳೂ ಕೊಂಡಾಡಿದವು. ಆಯೋಜಕನಂತೂ ಇದಿಲ್ಲದೆ ಪರದೆ ಏಳಕೂಡದು ಎಂದ. ಈಗ ಬೀದಿಯವರೂ ಟಿಕೆಟ್ಟು ಕೊಂಡು ಬಂದು ಕೇಳಿಸಿಕೊಳ್ಳುತ್ತಿದ್ದರು.

ಆ ಮೊದಲ ಸಂಜೆ ಮನೆ ತಲುಪಿದಾಗ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಕೇಳಿದ್ದ: "ನಾಳೇನೂ ಹೇಳ್ತಾನಾ?"

ನಾಳೆಯೂ ಹೇಳಿದ. ಮರುನಾಳೆಯೂ ಹೇಳಿದ. ಅಪ್ಪ ದಿನವೂ ಬಂದು, ಮಫ್ಲರು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತ. ಎಲ್ಲರೂ ನಗುವಾಗ ಅವನು ನಗುತ್ತಿರಲಿಲ್ಲ.

ಕೊನೆಗೊಂದು ಸಂಜೆ ಬಣ್ಣದ ಕೋಣೆಯಲ್ಲಿ ಮೀಸೆ ಅವಳ ಕೈ ಹಿಡಿದುಕೊಂಡ. ಮೇಕಪ್ಪಿಲ್ಲದ ಮುಖ ಜೋತುಬಿದ್ದಿತ್ತು.

"ಸಾಕು ಮಾಡಮ್ಮ. ಮೊಮ್ಮಕ್ಕಳೂ ಕಳ್ಳ ತಾತ ಅಂತಾರೆ. ಎಷ್ಟು ದಿನ ಹೇಳಿಸ್ತೀಯ?"

ಸೂಜಿ ಕೈ ಬಿಡಿಸಿಕೊಂಡು, ಅವನ ಕೋಟಿನ ಕಾಲರು ಸರಿಮಾಡಿದಳು.

"ಅಪ್ಪ ಇನ್ನೂ ಸಾಕು ಅಂದಿಲ್ಲ, ಸರ್," ಎಂದಳು.