ಕಡಲ ದಂಡೆಯಿಂದ ಸೀನುವಿನ ಮನೆಗೆ

ಆ ದಿನ ನಮ್ಮ ಮನೆಯಲ್ಲಿ ಟಿವಿಗಾಗಿ ಜಗಳ ನಡೆದಿತ್ತು. ಅವ್ವನಿಗೆ ಧಾರಾವಾಹಿ ಬೇಕು, ನನ್ನ ತಮ್ಮ ಸೀನುವಿಗೆ ಅವನ ವಿಡಿಯೊ ಆಟ ಬೇಕು. ಪರದೆಯ ಮೇಲೆ ಕಾಡು, ಗುಡ್ಡ, ಕತ್ತಿ ಹಿಡಿದ ಒಬ್ಬ ಆಳು.

"ನಿನ್ನ ವಾರಿಗಿಯವರು ಮಕ್ಕಳನ್ನ ಆಡಸ್ತಾರ, ನೀ ಗೊಂಬಿ ಆಡಸ್ತಿ," ಎಂದಳು ಅವ್ವ.

"ಗೊಂಬಿ ಅಲ್ಲಬೇ, ಅಂವ ಅಂದ್ರ ನಾನ. ಮನಿ ಕಟ್ಟೇನಿ ನೋಡಿಲ್ಲೆ. ನೀ ಬಾಡಿಗಿ ಮನ್ಯಾಗ ಇದ್ದಿ, ನಂದು ಸ್ವಂತದ್ದು."

ಅವನು ಆ ಆಳನ್ನು ಮನೆಯೊಳಗೆ ಒಯ್ದು ಮಂಚದ ಮೇಲೆ ಮಲಗಿಸಿ ಆಟ ಬಂದ್ ಮಾಡಿದ. "ಈಗ ನೋಡು ನಿನ್ನ ಅತ್ತಿ ಸೊಸಿ ಬಡದಾಟ," ಎಂದ. ನನಗೆ, "ಅಕ್ಕಾ, ರೊಟ್ಟಿ ಮುಚ್ಚಿಡು, ಬಂದ ಉಣ್ತೇನಿ," ಎಂದು ಹೇಳಿ ಬೈಕು ಹತ್ತಿ ನಿಡಗುಂದಿ ಕಡೆ ಹೋದ. ಹೆದ್ದಾರಿಯಲ್ಲಿ ಲಾರಿ ಬಡಿಯಿತು. ಆಸ್ಪತ್ರೆಯಿಂದ ಅವನನ್ನು ಬಟ್ಟೆಯಲ್ಲಿ ಪೂರ್ತಿ ಸುತ್ತಿ ಕೊಟ್ಟರು. ಅವ್ವನಿಗೆ ಮುಖ ತೋರಿಸುವುದು ಬೇಡ ಎಂದು ಹಿರಿಯರು ಮಾತಾಡಿಕೊಂಡರು.

ಅಗರಖೇಡದಿಂದ ನಮ್ಮವರು ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: ಮುದ್ದೇಬಿಹಾಳದಲ್ಲಿ ಇನ್ನು ನಿಮಗೆ ಯಾರಿದ್ದಾರೆ, ಊರಿಗೆ ಯಾಕೆ ಬರುವುದಿಲ್ಲ? ಕಾಲೇಜಿನ ಕಚೇರಿಯಲ್ಲಿ ನನಗೆ ಕೆಲಸವಿದೆ ಎಂದು ಹೇಳುತ್ತಿದ್ದೆ. ಅದು ಪೂರ್ತಿ ಉತ್ತರವಲ್ಲ. ನಾನು ಮುದ್ದೇಬಿಹಾಳದಲ್ಲೂ ಇರಲಿಲ್ಲ. ಇನ್ನೊಂದು ಸೀಮೆಗೆ ಹೋಗಿದ್ದೆ. ಆ ಸಂಗತಿಯನ್ನೇ ಇಲ್ಲಿ ಬರೆದಿದ್ದೇನೆ.

ಅದು ಅವ್ವನ ಒಂದು ಮಾತಿನಿಂದ ಶುರುವಾಯಿತು. ಬಂದ್ ಆಗಿದ್ದ ಟಿವಿಯನ್ನು ನೋಡುತ್ತ ಕೂತವಳು ಕೇಳಿದಳು: "ಅಂವ ಇನ್ನೂ ಅಲ್ಲೇ ಮಲಗ್ಯಾನೇನು?"

ಸೀನುವಿನ ಜೊತೆ ಹಿಂದೆ ಈ ಆಟ ಆಡುತ್ತಿದ್ದ ಗೆಳೆಯ ಮೌಲಾ. ನಿಡಗುಂದಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಅವನಿಗೆ ಫೋನ್ ಹಚ್ಚಿದೆ.

"ಮಲಗಿರ್ತಾನ್ರಿ ಅಕ್ಕಾರ," ಎಂದ. "ಆ ಆಟದಾಗ ನಾವು ಎದ್ದು ಬಂದ್ರೂ ನಮ್ಮ ಆಳು ಅಲ್ಲೇ ಮಲಗಿರತೈತಿ. ಎಬ್ಬಸಾಕ ಅವನ ಪಾಸ್‌ವರ್ಡ್ ಬೇಕು."

"ಅದು ನಮಗ್ಯಾರಿಗೂ ಗೊತ್ತಿಲ್ಲ."

"ಹಂಗಾರ ನೀವ ಹೊಸಾ ಆಳಾಗಿ ಹುಟ್ಟಿ, ನಡಕೊಂತ ಅವನ ಮನೀಗೆ ಹೋಗಬೇಕ್ರಿ. ದೂರ ಐತಿ. ಮತ್ತ ಒಂದ ಮಾತು, ಸೀನ್ಯಾ ಆ ಆಟಾನ ಭಾಳ ಬಿರುಸು ಇಟ್ಟಾನ. ಅಲ್ಲಿ ಸತ್ತವರು ಏಳೂದಿಲ್ಲ."

ನಾನು ಹುಟ್ಟಿದ್ದು ಒಂದು ಕಡಲ ದಂಡೆಯಲ್ಲಿ. ನಾನು ಭೀಮಾ ನದಿ ಕಂಡವಳು, ಕಡಲನ್ನು ನೋಡಿದವಳಲ್ಲ. ಮೈಮೇಲೆ ಹರಕು ಬಟ್ಟೆ, ಕೈಯಲ್ಲಿ ಒಂದು ಬಡಿಗೆ. ಯಾವ ಗುಂಡಿ ಒತ್ತಿದರೆ ನಡಿಗೆ, ಯಾವುದಕ್ಕೆ ಜಿಗಿತ ಎಂದು ತಿಳಿಯದೆ ಮರಳಿನಲ್ಲಿ ಸುತ್ತುತ್ತಿದ್ದೆ. ಮುದ್ದೇಬಿಹಾಳಕ್ಕೆ ಬಂದ ಹೊಸದರಲ್ಲಿ ಬಾಡಿಗೆ ಮನೆ ಕೇಳಲು ಹೋದರೆ, ಯಾವ ಊರು, ಯಾವ ಮಂದಿ ಎಂದು ಬಾಗಿಲಲ್ಲೇ ವಿಚಾರಿಸುತ್ತಿದ್ದರು. ಇಲ್ಲಿ ಯಾರೂ ಏನೂ ಕೇಳಲಿಲ್ಲ. ಪೊದೆಯಿಂದ ಬಂದವನೊಬ್ಬ ತಲೆಗೆ ಕೊಡಲಿ ಹಾಕಿದ. ನಾನು ಸತ್ತೆ. ಹೊಸ ಹೆಸರು ಕೊಟ್ಟು ಮತ್ತೆ ಅದೇ ದಂಡೆಯಲ್ಲಿ ಹುಟ್ಟಿದೆ.

ಸಂಜೆ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದಾಗ ಮೌಲಾ ಫೋನಿನಲ್ಲೇ ಕಲಿಸುತ್ತಿದ್ದ. "ಗುಂಡಿ ಮ್ಯಾಲ ಸಿಟ್ಟ ತೀರಿಸಬ್ಯಾಡ್ರಿ. ಸ್ಟ್ಯಾಮಿನಾ ಖಾಲಿ ಆಗತೈತಿ."

"ಹಂಗಂದ್ರ?"

"ದಮ್ಮು ರೀ, ದಮ್ಮು! ಹಸರು ಗೆರಿ ಕಾಣತೈತಲ್ಲ, ಅದ ನಿಮ್ಮ ದಮ್ಮು. ಎದುರಿನವ ಕೈ ಎತ್ತಿದಾಗ ಬಾಜೂ ಸರೀರಿ. ಅಂವ ಹೊಡದು ಸುಸ್ತಾದ ಮ್ಯಾಲ ನೀವು ಹೊಡೀರಿ. ಇಬ್ಬರು ಬಂದ್ರ ಓಡ್ರಿ. ಮರ್ಯಾದಿ ನೋಡಬ್ಯಾಡ್ರಿ."

ನಡೆಯುವುದನ್ನೂ ಕಲಿಯಬೇಕಾಯಿತು. ನಮ್ಮ ಸೀಮೆ ಬಯಲು. ದೂರದಿಂದ ಬರುವ ಬಸ್ಸಿನ ಧೂಳು ಕಣ್ಣಿಗೆ ಬೀಳುತ್ತದೆ. ಅಲ್ಲಿ ಹತ್ತು ಮಾರು ಮುಂದೆ ಏನಿದೆ ಎಂದು ಕಾಣುವುದಿಲ್ಲ. ಮೊದಲು ಎತ್ತರದ ಜಾಗ ಹತ್ತಬೇಕು. ಹತ್ತಿ ಕಂಡಷ್ಟು ನೆಲ ಮಾತ್ರ ನಕ್ಷೆಯಲ್ಲಿ ಮೂಡುತ್ತದೆ. ಉಳಿದದ್ದೆಲ್ಲ ಕಪ್ಪು. ಹಕ್ಕಿಗಳ ದನಿ ನಿಂತರೆ ಅಪಾಯ ಹತ್ತಿರವೆಂದು ನಿಲ್ಲಬೇಕು. ಹೊತ್ತು ಮುಳುಗುವ ಮೊದಲು ಬೆಂಕಿ ಹಚ್ಚಬೇಕು.

ಊಟದ್ದೇ ಕಷ್ಟ. ಮಾಂಸ ಸುಟ್ಟು ತಿಂದರೆ ದಮ್ಮು ಬೆಳೆಯುತ್ತದೆ. ನಮ್ಮದು ವೈಷ್ಣವರ ಮನೆ, ಅವ್ವ ಪಕ್ಕದಲ್ಲೇ ಕೂತಿರುತ್ತಾಳೆ. ನಾನು ಹಣ್ಣು, ಗೆಡ್ಡೆ, ಜೇನುತುಪ್ಪ, ಸುಟ್ಟ ರೊಟ್ಟಿಯ ಮೇಲೆ ಬದುಕಿದೆ.

"ಅಕ್ಕಾರ, ಟಿವಿ ಒಳಗ ಎಲ್ಲೀ ಮಡಿ ರೀ?" ಎಂದು ಮೌಲಾ ನಕ್ಕ. "ಸೀನ್ಯಾ ಜಿಂಕಿ ಪೂರಾ ತಿಂತಿದ್ದ."

ಅವ್ವ ನನ್ನ ಮುಖ ನೋಡಿದಳು. ಫೋನಿನ ಹತ್ತಿರ ಬಾಗಿ, "ಅಂವ ತಿಂದಿಲ್ಲ, ಅವನ ಆಳು ತಿಂದಿರಬೇಕು," ಎಂದಳು.

ಮೊದಲ ಸಲ ಒಬ್ಬ ದರೋಡೆಕಾರನನ್ನು ಕೊಂದ ದಿನ ನಾನು ಖುಷಿಯಿಂದ ಎದ್ದು ನಿಂತಿದ್ದೆ. ಎಷ್ಟೋ ತಿಂಗಳ ಮೇಲೆ ಬಂದ ಖುಷಿ. ಅವ್ವ ಪರದೆಯಲ್ಲಿ ಬಿದ್ದ ಹೆಣವನ್ನೇ ನೋಡುತ್ತ, "ಅವಗೂ ಒಬ್ಬಾಕಿ ಅವ್ವ ಇದ್ದಾಳು," ಎಂದಳು. ನಾನು ಕೂತುಕೊಂಡೆ. ಆದರೆ ಮರುದಿನ ಸಂಜೆ ಅವಳೇ ಕೇಳಿದಳು: "ಇನ್ನ ಎಷ್ಟ ದೂರ ಐತಿ?"

ಬೇಸಿಗೆ ಮುಗಿಯುವ ಹೊತ್ತಿಗೆ ಮುಟ್ಟಿದೆವು. ಗುಡ್ಡದ ಓರೆಯಲ್ಲಿ ಕಲ್ಲಿನ ಮನೆ, ಮುಂದೆ ಕಟ್ಟೆ, ಸ್ವಲ್ಪ ಆಚೆಗೆ ಬಾವಿ. ಕಟ್ಟೆಯನ್ನು ನಮ್ಮ ಅಗರಖೇಡದ ಮನೆಯ ಕಟ್ಟೆಯಂತೆಯೇ ಕಟ್ಟಿದ್ದ. ಬಾಗಿಲು ತೆಗೆದೆ. ಸೀನು ಮಂಚದ ಮೇಲೆ ಮಲಗಿದ್ದ. ಎದೆ ಏರುತ್ತಿತ್ತು, ಇಳಿಯುತ್ತಿತ್ತು.

"ಉಸಿರಾಡಾಕತ್ತಾನ," ಎಂದಳು ಅವ್ವ.

ಆಟದಲ್ಲಿ ಮಲಗಿದವರೆಲ್ಲ ಹಾಗೆಯೇ ಕಾಣುತ್ತಾರೆ. ನಾನು ಅದನ್ನು ಹೇಳಲಿಲ್ಲ. ಅವ್ವ ಟಿವಿಯ ಹತ್ತಿರ ಸರಿದು ಕೂತಳು. ನಾನು ಗುಂಡಿಗಳಿದ್ದ ಆಟದ ಹಿಡಿಕೆಯನ್ನು ಅಲುಗಾಡಿಸದೆ ಹಿಡಿದಿದ್ದೆ.

ಆಮೇಲೆ ನನ್ನ ಆಳು ಹೊರಗೆ ಬಂದಾಗ ಆ ಮನೆಯ ಮಾಳಿಗೆಯ ಮೇಲೆ ಕಾಗೆಗಳು ಕೂತದ್ದು ಅವಳಿಗೆ ಕಂಡಿತು. ಸೀನು ಸತ್ತ ಹತ್ತನೆಯ ದಿನ ಭೀಮಾ ದಂಡೆಯಲ್ಲಿ ಪಿಂಡ ಇಟ್ಟು ದೂರ ನಿಂತಾಗ ಒಂದು ಕಾಗೆಯೂ ಮುಟ್ಟಿರಲಿಲ್ಲ. ಬಿಸಿಲೇರಿದ ಮೇಲೆ ಭಟ್ಟರು ದರ್ಭೆಯಿಂದ ಕಾಗೆ ಮಾಡಿ ಮುಟ್ಟಿಸಿ ಮುಗಿಸಿದ್ದರು. ಮಗನಿಗೆ ತೃಪ್ತಿಯಾಗಿಲ್ಲ ಎಂಬುದು ಅಂದಿನಿಂದ ಅವ್ವನ ಎದೆಯಲ್ಲಿ ಕೂತಿತ್ತು.

"ಎಡಿ ಇಡು. ಇಲ್ಲೆ ಕಾಗಿ ಅದಾವ."

"ಅವ್ವಾ, ಇದು..."

"ಇಡು ಅಂದ್ನಿ."

ನನ್ನ ಜೋಳಿಗೆಯಲ್ಲಿ ಜೇನು ಹಚ್ಚಿ ಸುಟ್ಟ ರೊಟ್ಟಿ ಇತ್ತು. ಕಟ್ಟೆಯ ಮೇಲೆ ಇಟ್ಟೆ. ಎಡೆ ಇಟ್ಟವರು ಅಲ್ಲಿ ನಿಲ್ಲಬಾರದು, ನಿಂತರೆ ಕಾಗೆ ಬರುವುದಿಲ್ಲ. "ಅವನಿಗೆ ಕಾಣಲಿ, ಬಾಗಲಾ ತಗದ ಇರಲಿ. ನೀ ದೂರ ಸರಿ," ಎಂದಳು ಅವ್ವ. ಬಾವಿಯ ಆಚೆ ಹೋಗಿ ಬೆನ್ನು ಮಾಡಿ ನಿಂತೆ.

ಹಕ್ಕಿಗಳ ದನಿ ನಿಂತಿತು. ಬಂದದ್ದು ಕರಡಿ. ರೊಟ್ಟಿ ತಿಂದು, ತೆರೆದ ಬಾಗಿಲಿನಿಂದ ಒಳಗೆ ಹೋಯಿತು. ನಾನು ಓಡಿದೆ. ಬಾಗಿಲು ಮುಟ್ಟುವಷ್ಟರಲ್ಲಿ ದಮ್ಮು ಖಾಲಿ. ಕೊಡಲಿ ಎತ್ತುವ ಗುಂಡಿ ಒತ್ತಿದರೆ ಕೈ ಏಳುತ್ತಿಲ್ಲ. ಮಂಚದ ಮೇಲಿದ್ದವನನ್ನು ಕರಡಿ ಎರಡು ಸಲ ಹೊಡೆಯಿತು. ಅವನು ಏಳಲೂ ಇಲ್ಲ, ಕೂಗಲೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿತು.

ಪರದೆ ಕಪ್ಪಾಗಿ ಮತ್ತೆ ಬೆಳಗಿದಾಗ ಕಡಲ ದಂಡೆ ಕಂಡಿತು. ಹೊಸ ಹೆಸರು ಏನು ಎಂದು ಆಟ ಕೇಳುತ್ತಿತ್ತು.

ಅವ್ವ ಅಳಲಿಲ್ಲ. "ಈ ಸಲ ನಾ ನೋಡಿದ್ನಿ," ಎಂದಳು. "ಆ ಸಲ ನೀವು ನನಗ ತೋರಸಲಿಲ್ಲ."

ಮೌಲಾನಿಗೆ ಫೋನ್ ಮಾಡಿ ಹೇಳಿದೆ. ತಿನ್ನುವ ಸಾಮಾನು ಹೊರಗಿಟ್ಟರೆ ಪ್ರಾಣಿ ಬರುತ್ತವೆ, ಅದನ್ನು ಹೇಳುವುದು ಬಿಟ್ಟುಹೋಯಿತು ಎಂದ. ಕೊನೆಗೆ, "ಹೋಗ್ಲಿ ಬಿಡ್ರಿ ಅಕ್ಕಾರ, ಆಟ ಅದು," ಎಂದ.

ಅವ್ವ ಫೋನು ಕಸಿದುಕೊಂಡಳು. "ಆಟ ಆದ್ರ ಏಳಸಪಾ ಅವನ್ನ."

ಅವನು ಫೋನ್ ಇಟ್ಟ. ಅಂದಿನಿಂದ ಮಾಡಿಲ್ಲ.

ನಾನು ಈಗಲೂ ಆ ಮನೆಗೆ ಹೋಗುತ್ತೇನೆ. ದಾರಿ ಗೊತ್ತಾಗಿದೆ, ದರೋಡೆಕಾರರು ಎಲ್ಲಿ ಕಾಯುತ್ತಾರೆಂದೂ ಗೊತ್ತು. ಅವ್ವ ಟಿವಿಗೆ ಬೆನ್ನು ಮಾಡಿ ಕೂರಲು ಶುರು ಮಾಡಿದ ಮೇಲೆ ಮಾಂಸವನ್ನೂ ಸುಟ್ಟು ತಿನ್ನುತ್ತೇನೆ, ದಮ್ಮು ಬೆಳೆದಿದೆ. ಆ ಕರಡಿಯನ್ನು ಕೊಂದೆ. ಏನೂ ಅನಿಸಲಿಲ್ಲ. ಕಸ ಗುಡಿಸುವ ಗುಂಡಿ ಆ ಆಟದಲ್ಲಿಲ್ಲ, ಇದ್ದಿದ್ದರೆ ಮನೆ ಗುಡಿಸುತ್ತಿದ್ದೆ. ಕಚೇರಿಯಲ್ಲಿ ಕೂತಾಗ ಅಲ್ಲಿ ಹೊತ್ತು ಮುಳುಗಿತೇನೋ ಎಂದು ಯೋಚಿಸುತ್ತೇನೆ. ಅಲ್ಲಿ ಬೆಂಕಿ ಹಚ್ಚಿ ಕೂತಾಗ ಅವ್ವ ಉಂಡಳೋ ಇಲ್ಲವೋ ಎಂದು ನೆನಪಾಗುತ್ತದೆ. ಅಗರಖೇಡದವರು ಕರೆಯುವುದನ್ನು ಕಡಿಮೆ ಮಾಡಿದ್ದಾರೆ.

ಆ ಮನೆಯಲ್ಲಿ ಮಂಚ ಹಾಗೇ ಇದೆ. ಈ ಮನೆಯಲ್ಲೂ ಇದೆ. ಸೀನು ಇಲ್ಲ.