ನಿಜಗುಣನ ತಬಲಾ, ನಾಗವ್ವನ ಅಂಟಿನುಂಡಿ

ನಮ್ಮ ಕನ್ನಡ ಸಂಘದ ಸಂಚಿಕೆಗೆ ನಿಜಗುಣನ ಪರಿಚಯ ಬರೆದುಕೊಡಿ ಎಂದು ನನ್ನನ್ನೇ ಕೇಳಿದ್ದಾರೆ. ಬೇರೆ ಯಾರೂ ಸಿಗಲಿಲ್ಲವೇನೋ. ಗಾಯದ ಮೇಲೆ ಬರೆ ಎಳೆಯುವುದು ಎಂದರೆ ಇದೇ. ಇರಲಿ, ಬರೆಯುತ್ತೇನೆ.

ನಿಜಗುಣನಿಗೆ ಮೂವತ್ತೊಂದು ವರ್ಷ. ಬೈಲಹೊಂಗಲದ ಕಡೆಯವನು. ಕೆನಡಾಕ್ಕೆ ಓದಲು ಬಂದವನು ಕಾಲೇಜು ಮುಗಿಸಿ, ಈಗ ರೆಕ್ಸ್‌ಡೇಲಿನ ಒಂದು ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ತಾಯಿ ನಾಗವ್ವ ಹೋದ ವರ್ಷ ಬಂದು ಅವನ ಜೊತೆಗಿದ್ದಾಳೆ. ತಬಲಾ ಚೆನ್ನಾಗಿ ಬಾರಿಸುತ್ತಾನೆ. ಈ ಮಾತು ಬರೆಯುವಾಗ ಕೈ ತಡೆಯುತ್ತದೆ, ಆದರೆ ಸುಳ್ಳು ಹೇಳಲಾರೆ. ಪ್ರತಿ ಸೋಮವಾರ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಭಜನೆ. ನಾನು ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿ ಹಾಡುವವನು. ಎಂಟು ವರ್ಷದ ಹಿಂದೆ ತೆಳ್ಳನೆಯ ಜಾಕೆಟ್ಟಿನಲ್ಲಿ ನಡುಗುತ್ತ ಬಂದ ಅವನ ಮುಂದೆ ತಬಲಾ ಇಟ್ಟು ಕೂಡಿಸಿದ್ದು ನಾನೇ.

ಹೋದ ಬೇಸಿಗೆಯಲ್ಲಿ ಇಲ್ಲೇ ಹತ್ತಿರದ ಅರೋರಾ ಊರಿನ ಪಾರ್ಕಿನಲ್ಲಿ ಒಂದು ಹಬ್ಬವಿತ್ತು. ನಾವಿಬ್ಬರೂ ನುಡಿಸಿದೆವು. ಮುಗಿದ ಮೇಲೆ ಒಬ್ಬ ಬಿಳಿಯ ಹೆಂಗಸು ಬಂದಳು. ಅವಳದೊಂದು ಬ್ಯಾಂಡು. ಕೊಲ್ಲಿ ದೇಶದ ಒಂದು ಸೇನಾ ನೆಲೆಯಲ್ಲಿರುವ ಕೆನಡಾದ ಸೈನಿಕರ ಮುಂದೆ ಹಾಡಲು ಹೋಗುವವರಿದ್ದರು. ನಿಜಗುಣನ ಕೈ ಹಿಡಿದು, ನೀನು ಬರಲೇಬೇಕು ಎಂದಳು. ನನ್ನ ಪೇಟಿ ನೋಡಿ, ನಮ್ಮಲ್ಲಿ ಕೀಬೋರ್ಡ್ ಇದೆ ಎಂದು ನಕ್ಕಳು. ಮೂವತ್ತು ವರ್ಷದ ಪೇಟಿ. ಕೀಬೋರ್ಡಂತೆ.

ಕೆನಡಾಕ್ಕೆ ಬರುವ ಮೊದಲು ನಾನು ಆರು ವರ್ಷ ಅದೇ ದೇಶದಲ್ಲಿ, ಒಂದು ಲೇಬರ್ ಕ್ಯಾಂಪಿನ ಮೆಸ್ಸಿನಲ್ಲಿ ಸ್ಟೋರ್ ನೋಡಿಕೊಂಡಿದ್ದೆ. ಆ ಬಿಸಿಲು, ಆ ಕಾಯಿದೆ, ಆ ಜನ ನನಗೆ ಗೊತ್ತು. ಹೋಗುವವನು ಮಾತ್ರ ಅವನು. ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು, ಮುಚ್ಚಿಟ್ಟು ಏನು ಪ್ರಯೋಜನ?

ಹೊರಡುವ ಮೂರು ದಿನ ಮೊದಲು ಅವರ ಮನೆಗೆ ಹೋಗಿದ್ದೆ. ನಾಗವ್ವ ಅಡಿಗೆಮನೆಯ ನೆಲದ ಮೇಲೆ ಕೂತು ಅಂಟಿನುಂಡಿ ಕಟ್ಟುತ್ತಿದ್ದಳು. ಒಣಕೊಬ್ಬರಿ, ಉತ್ತತ್ತಿ, ಹುರಿದ ಅಂಟು, ಬೆಲ್ಲ. ಮೇಲೆ ಕೈತುಂಬ ಗಸಗಸೆ.

"ಪಾಪ, ಮಿಲಿಟ್ರಿ ಹುಡುಗ್ರು, ಮನಿ ಬಿಟ್ಟು ಹೋಗ್ಯಾವು," ಎಂದಳು. "ತಲಿಗೊಂದೊಂದು ಸಿಗಲಿ. ಗಸಗಸಿ ಸಾಕೇನ್ರಿ ಅಯ್ಯಾರ?"

ಗಸಗಸೆ ಆ ದೇಶದಲ್ಲಿ ನಿಷಿದ್ಧ. ಅಫೀಮಿನ ಗಿಡದ ಬೀಜವೆಂದು ಮಾದಕ ವಸ್ತುವಿನ ಲೆಕ್ಕಕ್ಕೇ ಹಿಡಿಯುತ್ತಾರೆ. ನಮ್ಮ ಮೆಸ್ಸಿನ ಅಡಿಗೆಯವನು ರಜೆ ಮುಗಿಸಿ ಬರುವಾಗ ಒಂದು ಪೊಟ್ಟಣ ತಂದಿದ್ದ. ವಿಮಾನ ನಿಲ್ದಾಣದಿಂದಲೇ ಒಯ್ದರು. ನಾಲ್ಕು ತಿಂಗಳು ಅವನ ಮುಖ ನೋಡಲಿಲ್ಲ.

"ಸಾಕು ಬಿಡವ್ವ, ಭಾಳ ಚಲೋ ಆಗೈತಿ," ಎಂದೆ.

ಹೌದು, ಗೊತ್ತಿದ್ದೇ ಹೇಳಿದೆ. ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಜೈಲಿಗೆ ಹೋಗಲಿ ಎಂದೇನಲ್ಲ. ಒಂದು ದಿನ ತಡೆದು ಕೂಡಿಸಲಿ, ಕಾರ್ಯಕ್ರಮ ತಪ್ಪಲಿ, ಕೀಬೋರ್ಡಿನವಳ ಮುಂದೆ ಮುಖ ಸಣ್ಣದಾಗಲಿ, ಅಷ್ಟೇ ಸಾಕಿತ್ತು. ಅಷ್ಟಕ್ಕೇ ನಿಲ್ಲುತ್ತದೆಂದು ನನಗೇನು ಯಾರೂ ಬರೆದುಕೊಟ್ಟಿರಲಿಲ್ಲ.

ಏರ್‌ಪೋರ್ಟಿಗೆ ಬಿಟ್ಟದ್ದೂ ನಾನೇ. ಬಿಡದಿದ್ದರೆ ನೋಡು ಹೊಟ್ಟೆಕಿಚ್ಚು ಎಂದು ಜನ ಆಡಿಕೊಳ್ಳುತ್ತಾರೆ. ದಾರಿಯಲ್ಲಿ ನಿಜಗುಣ ಹೇಳಿದ, "ಕಾಕಾ, ಖರೇ ಹೇಳ್ತೀನಿ, ಹೋಗಬೇಕಾದವ್ರು ನೀವು. ನೀವು ಕೂಡಿಸಿದ್ದಕ್ಕ ಕೂತವ ನಾನು. ಅಲ್ಲಿ ಏನರ ತಪ್ಪು ಮಾಡಿಗೀಡೇನು, ಏನಿದ್ರೂ ಹೇಳ್ರಿ."

"ಏನೂ ಇಲ್ಲ. ಎಡಗೈಲೆ ಏನೂ ಕೊಡಬ್ಯಾಡ," ಎಂದೆ.

ಟರ್ಮಿನಲ್ ಮುಂದೆ ಅವನು ಟ್ರಾಲಿ ತರಲು ಹೋದ. ಡಿಕ್ಕಿಯಲ್ಲಿ ತಬಲಾದ ಪೆಟ್ಟಿಗೆ, ಸೂಟ್‌ಕೇಸು, ಕೈಚೀಲ. ಚೀಲದಲ್ಲಿ ಮೇಲೇ ಇತ್ತು ಸ್ಟೀಲ್ ಡಬ್ಬಿ, ನಾಗವ್ವ ತನ್ನ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಎರಡು ಗಂಟು ಹಾಕಿದ್ದು. ಅಡಿಗೆಯವನ ಹೆಂಡತಿ ಆ ನಾಲ್ಕು ತಿಂಗಳೂ ಮೆಸ್ಸಿನ ಫೋನಿಗೆ ಕರೆ ಮಾಡುತ್ತಿದ್ದಳು. ಎತ್ತಿ ಉತ್ತರ ಹೇಳಬೇಕಾದವನು ನಾನಾಗಿದ್ದೆ. ಆ ಧ್ವನಿ ನೆನಪಾಯಿತು. ಡಬ್ಬಿ ತೆಗೆದು ಹಳೆಯ ಕಂಬಳಿಯ ಕೆಳಗೆ ತುರುಕಿದೆ. ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಕಾಕಾ ಎಂದು ಕೇಳುತ್ತಿದ್ದನಲ್ಲ. ಅವನು ಟ್ರಾಲಿ ತಂದ, ನನ್ನ ಕಾಲು ಮುಟ್ಟಿದ, ಹೋದ.

ಐದನೆಯ ದಿನ ವಿಡಿಯೋ ಕಾಲ್ ಮಾಡಿದ. ನಾನು, ನನ್ನ ಹೆಂಡತಿ ರಾಜೇಶ್ವರಿ ಇಬ್ಬರೂ ನಾಗವ್ವನ ಮನೆಯಲ್ಲೇ ಇದ್ದೆವು. ಒಂದು ದೊಡ್ಡ ಟೆಂಟಿನಲ್ಲಿ ಕಾರ್ಯಕ್ರಮ ಆಯಿತಂತೆ. ಹೆಂಡವಿಲ್ಲ, ಕುಣಿತವಿಲ್ಲ, ಆದರೂ ಮುನ್ನೂರು ಸೈನಿಕರು ತೊಡೆ ತಟ್ಟಿ ತಾಳ ಹಾಕಿದರಂತೆ. ನಡುವೆ ಪಕ್ಕದ ಊರಿನ ಮಸೀದಿಯಿಂದ ನಮಾಜಿನ ಬಾಂಗ್ ಕೇಳಿಸಿದೆ. ಬ್ಯಾಂಡಿನವರಿಗೆ ಗೊತ್ತೇ ಆಗಿಲ್ಲ. ಇವನು ಮಾತ್ರ ತಬಲಾದಿಂದ ಕೈ ಎತ್ತಿ ಸುಮ್ಮನೆ ಕೂತನಂತೆ.

"ನಮ್ಮೂರಾಗ ಮಠದ ಮುಂದನ ಮಸೂತಿ ಐತಲ್ರಿ ಕಾಕಾ. ಬಾಂಗ್ ಆದ್ರ ಭಜನಿ ನಿಲ್ಲಸ್ತಿದ್ವಿ. ಕೈ ತಾನ ನಿಂತಿತು. ಆಮ್ಯಾಲೆ ಎಲ್ಲಾರೂ ನಿಲ್ಲಿಸಿದ್ರು. ಕಮಾಂಡರ್ ಬಂದು ಕೈ ಕುಲುಕಿದ."

ನಮ್ಮೂರಲ್ಲೂ ನಿಲ್ಲಿಸುತ್ತಿದ್ದೆವು. ನಾನಿದ್ದರೆ ನನ್ನ ಕೈಯೂ ನಿಲ್ಲುತ್ತಿತ್ತು. ಆದರೆ ಕುಲುಕಿದ್ದು ಅವನ ಕೈ.

"ಯಪ್ಪಾ, ಉಂಡಿ ಕೊಟ್ಟಿಯೇನು?" ಎಂದಳು ನಾಗವ್ವ.

"ಡಬ್ಬೀನ ಇಲ್ಲಬೇ. ಕಾಕಾ, ನಿಮ್ಮ ಕಾರಿನ್ಯಾಗ ಉಳೀತೇನು?"

"ಉಳಿದಿತ್ತು," ಎಂದೆ. "ತಿಂದೆ."

ನಾಗವ್ವ ಮಿಕಿಮಿಕಿ ನೋಡಿದಳು. ನಿಜಗುಣ ಜೋರಾಗಿ ನಕ್ಕ. "ಪುಣ್ಯಾ ಕಟ್ಟಿಕೊಂಡ್ರಿ ನೀವು. ಇಲ್ಲಿ ಏರ್‌ಪೋರ್ಟ್‌ನ್ಯಾಗ ನಮ್ಮ ಮುಂದಿದ್ದವನ್ನ ಗಸಗಸಿ ಪಾಕೀಟಿನ ಸಲುವಾಗಿ ಪೊಲೀಸ್ರು ಒಯ್ದ್ರು. ನೀವು ತಿಂದಿದ್ದಕ್ಕ ನಾ ಉಳಿದೆ."

ನಾಗವ್ವನೂ ನಕ್ಕಳು. ಕೇಳಿದ್ದರೆ ಇನ್ನೊಂದು ಡಬ್ಬಿ ಮಾಡಿಕೊಡುತ್ತಿದ್ದೆನಲ್ಲ ಎಂದಳು. ನಾನೂ ನಕ್ಕೆ. ಹೊಟ್ಟೆಬಾಕ ಅನ್ನಿಸಿಕೊಂಡರೆ ಏನೂ ನಷ್ಟವಿರಲಿಲ್ಲ.

ರಾಜೇಶ್ವರಿ ಮಾತ್ರ ನಗಲಿಲ್ಲ. ನನಗೆ ಶುಗರ್ ಇದೆ, ಚಹಾಕ್ಕೂ ಸಕ್ಕರೆ ಹಾಕಲು ಬಿಡದವಳು ಅವಳು. ಅಡಿಗೆಯವನ ಕಥೆಯನ್ನೂ ನನ್ನ ಬಾಯಿಂದಲೇ ಎಷ್ಟೋ ಸಲ ಕೇಳಿದವಳು. ಕೆಳಗೆ ಪಾರ್ಕಿಂಗಿಗೆ ಬಂದವಳೇ ಡಿಕ್ಕಿ ತೆಗೆಸಿ ಕಂಬಳಿ ಸರಿಸಿದಳು.

"ಗಂಟೂ ಬಿಚ್ಚಿಲ್ಲಲ್ರಿ," ಎಂದಳು. "ಆಕಿ ಉಂಡಿ ಕಟ್ಟೂಮುಂದ ನೀವು ಅಲ್ಲೇ ಕುಂತಿದ್ರಿ."

"ಹೂಂ."

"ಅವಾಗ ಯಾಕ ಹೇಳಲಿಲ್ಲ?"

ನಾನು ಡಿಕ್ಕಿ ಮುಚ್ಚಿದೆ. ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮನೆ ಮುಂದೆ ಇಳಿಯುವಾಗ ಹೇಳಿದಳು, "ನಿಜಗುಣಂದು ಬರೀಲಿಕ್ಕೆ ಹೇಳ್ಯಾರಲ್ಲ, ಇದನ್ನೂ ಬರೀರಿ."

ಬರೆದಿದ್ದೇನೆ. ಡಬ್ಬಿ ಮೇಜಿನ ಮೇಲಿದೆ, ಗಂಟು ಹಾಗೇ ಇದೆ. ನಿಜಗುಣ ಗುರುವಾರ ಬರುತ್ತಾನೆ. ಕರೆದುಕೊಂಡು ಬರಲು ನೀವೇ ಬರ್ರಿ ಕಾಕಾ ಎಂದು ಮೆಸೇಜು ಹಾಕಿದ್ದಾನೆ.