ಗಂಗವ್ವನ ಎಡೆ, ಹಲಗೆಯ ಸದ್ದು

ಸತ್ತವರು ಬಂದು ಉಂಡುಹೋಗುತ್ತಾರೆ ಎಂಬುದನ್ನು ನಾನು ಎಂದೂ ನಂಬಿದವನಲ್ಲ. ನಮ್ಮ ಮನೆಯಲ್ಲೂ ಹಿರಿಯರ ಹಬ್ಬಕ್ಕೆ ಎಡೆ ಹಿಡಿದು ಬಾಗಿಲು ಮುಚ್ಚುತ್ತಿದ್ದರು. ಒಳಗೆ ಅಜ್ಜ ಉಣ್ಣುತ್ತಾನೆ ಎಂದು ಅವ್ವ ಅಂದರೆ, ಬೆಕ್ಕು ಉಂಡೀತು ನೋಡು ಎಂದು ನಗುತ್ತಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಅದು ನೆನಪಾದಾಗ ನನಗೆ ಭಯಕ್ಕಿಂತ ಹೆಚ್ಚಾಗಿ ಮೈ ಉರಿಯುತ್ತದೆ. ಯಾಕೆಂಬುದು ಓದಿದರೆ ನಿಮಗೇ ತಿಳಿಯುತ್ತದೆ.

ಎರಡು ಸಾವಿರದ ಆರೋ ಏಳೋ ಇರಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ, ಊರಿಗೂರೇ ಸೀನುವ ಕಾಲ. ನಾನು ಅಲ್ಲಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಬೆಂಗಳೂರಿನ ಪ್ರವಾಸದ ಏಜೆಂಟನೊಬ್ಬ ರಾಣೆಬೆನ್ನೂರಿನ ಲಾಡ್ಜಿನಿಂದ ಫೋನ್ ಮಾಡಿ, ಅಮೆರಿಕದಿಂದ ಬಂದ ಹಿರಿಯ ಹೆಂಗಸೊಬ್ಬರ ಮಾತು ತಿಳಿಸಿಕೊಡಲು ಭಾನುವಾರ ಬರುತ್ತೀರಾ ಎಂದು ಕೇಳಿದ. ಒಪ್ಪಿಕೊಂಡೆ.

ಅವರ ಹೆಸರು ಎಸ್ತರ್. ಗಲ್ಲಾ ಎಂಬ ಜನಾಂಗದವರು. ಅಮೆರಿಕದ ಕಡಲತೀರದ ದ್ವೀಪಗಳಲ್ಲಿ ಭತ್ತ ಬೆಳೆಯಲೆಂದು ಪಶ್ಚಿಮ ಆಫ್ರಿಕದಿಂದ ಹಿಡಿದು ತಂದ ಗುಲಾಮರ ವಂಶ. ಬೇರು ಹುಡುಕಿಕೊಂಡು ಒಂದು ತಂಡದ ಜೊತೆ ಆಫ್ರಿಕಕ್ಕೂ ಹೋಗಿಬಂದಿದ್ದರಂತೆ. "ಬಸ್ಸು ಇಳಿಯುವ ಮೊದಲೇ ಡೋಲು ಬಡಿದರು. ಇದು ಯಾರ ಮನೆ ಎಂದು ಕೇಳುವಷ್ಟರಲ್ಲಿ ಬಸ್ಸು ಹೊರಟಿತು" ಎಂದು ಕಾರಿನಲ್ಲಿ ನಕ್ಕರು. ನಮ್ಮ ದೇಶದಲ್ಲೂ ಆಫ್ರಿಕ ಮೂಲದ ಸಿದ್ದಿಗಳಿದ್ದಾರೆ ಎಂದು ಎಲ್ಲೋ ಓದಿ, ಅವರದೊಂದು ಮನೆಯಲ್ಲಿ ಸುಮ್ಮನೆ ಕೂತು ಹೋಗಬೇಕೆಂದು ಬಂದಿದ್ದರು. ಅಷ್ಟೇ ಅವರ ಆಸೆ.

ಸಿದ್ದಿಗಳ ಊರುಗಳಿರುವುದು ಯಲ್ಲಾಪುರ, ಹಳಿಯಾಳದ ಕಾಡಿನ ಕಡೆ. ಅಷ್ಟು ದೂರ ಯಾರು ಹೋಗಬೇಕು? ಮುಂಡಗೋಡದ ಕಡೆಯಿಂದ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಬ್ಯಾಡಗಿಗೇ ಬಂದಿದ್ದ ಒಂದು ಸಿದ್ದಿ ಸಂಸಾರವನ್ನು ಏಜೆಂಟ ಪತ್ತೆ ಹಚ್ಚಿದ್ದ. ಸಿದ್ದಿಗಳ ಪೂರ್ವಜರು ಬಂದದ್ದು ಹೆಚ್ಚಾಗಿ ಆಫ್ರಿಕದ ಪೂರ್ವದಿಂದ, ಈ ಅಮ್ಮನ ಹಿರಿಯರು ಪಶ್ಚಿಮದವರು ಎಂದು ನಾನು ತಿಳಿಸಿ ಹೇಳಿದೆ. "ಕೂದಲು ಒಂದೇ ಥರ ಇದೆಯಲ್ಲ ಸಾರ್" ಎಂದ ಆ ಪುಣ್ಯಾತ್ಮ.

ಗೋದಾಮಿನ ಹಿಂದೆ ತಗಡಿನ ಶೆಡ್ಡು. ಸಂಜೆ ಇನ್ನೂ ಆಗಿರಲಿಲ್ಲ. ನಾವು ಹೋದಾಗ ಗಂಗವ್ವ ಎಂಬ ಐವತ್ತರ ಹೆಂಗಸು ಒಳಗೆ ಬಾಳೆ ಎಲೆಯ ಮೇಲೆ ಅನ್ನ ಬಡಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಚೆನ್ನಾಗಿ ನೋಡಿದ್ದೇನೆ. ಒಂದೇ ಖೋಲಿ, ಕಿಟಕಿ ಇಲ್ಲ, ಸಗಣಿ ಸಾರಿಸಿದ ಮಣ್ಣಿನ ನೆಲ. ಗಂಡ ಮತ್ತು ತಂಗಿ ಹೊರಗೆ ಮೆಣಸಿನಕಾಯಿ ರಾಶಿಯ ಹತ್ತಿರ ಕೂತಿದ್ದರು. ಆಕೆ ಹೊರಗೆ ಬಂದು ಬಾಗಿಲು ಮುಚ್ಚಿದಳು.

ಏಜೆಂಟ ಕಾರಿನ ಡಿಕ್ಕಿಯಿಂದ ಎಲೆ ಪೋಣಿಸಿದ ಲಂಗ, ಕೋಳಿಗರಿಯ ಕಿರೀಟ ತೆಗೆದ. ಉಟ್ಟುಕೊಂಡು ಕುಣಿಯಬೇಕಂತೆ!

ಗಂಗವ್ವ ಅದನ್ನು ಬೆರಳಿನಿಂದ ಎತ್ತಿ ನೋಡಿದಳು. "ಈ ಎಲಿ ಆಡು ತಿಂತಾವರಿ, ನಾವು ಉಡಾಂಗಿಲ್ಲ. ಇವತ್ತ ನಮ್ಮವ್ವ ತೀರಿಕೊಂಡ ದಿನ. ಎಡಿ ಹಿಡದೇನಿ. ಆಕಿ ಉಂಡು ಹೋಗೂತನಾ ಯಾರೂ ಬಾಗಲಾ ತೆಗಿಬಾರದು, ಹೊಳ್ಳಿ ನೋಡಬಾರದು."

ನಡುವೆ ಬಾಗಿಲು ತೆಗೆದರೆ ಬಂದವರು ಅರೆಹೊಟ್ಟೆಯಲ್ಲಿ ಎದ್ದುಹೋಗುತ್ತಾರೆ, ವರ್ಷಕ್ಕೆ ಅದೊಂದೇ ಊಟ ಎಂದು ಆಕೆಯ ಗಂಡ ನನಗೆ ಹೇಳಿದ. ಏಜೆಂಟನಿಗೆ ಅದು ಯಾಕೆ ಬೇಕು? "ನಿಮ್ಮ ಮೇಸ್ತ್ರಿ ಒಪ್ಪಿದಾನೆ. ಕುಣೀಲಿಲ್ಲ ಅಂದ್ರೆ ನಾಳೆಯಿಂದ ಕೆಲಸ ಇರಲ್ಲ" ಎಂದು ಹೆದರಿಸಿದ. ನಾಚಿಕೆ ಮಾನ ಮರ್ಯಾದೆ ಎಲ್ಲ ಒಟ್ಟಿಗೇ ಬಿಟ್ಟವನು. ನನಗೆ ತಡೆಯಲಿಲ್ಲ, ಬಾಯಿಗೆ ಬಂದಂತೆ ಬೈದೆ.

ನಾವು ಜಗಳಾಡುತ್ತಿರುವಾಗ ಗಂಗವ್ವ ಬಾಗಿಲಿಗೆ ಬೆನ್ನು ಮಾಡಿ ಕೂತಳು. ಎಸ್ತರ್ ಕೂಡ ಖಾಲಿ ಚೀಲ ಎಳೆದುಕೊಂಡು ಪಕ್ಕದಲ್ಲಿ ಕೂತರು, ಅವರೂ ಬೆನ್ನು ಮಾಡಿಯೇ. ಒಳಗೇನಿದೆ, ಯಾಕೆ ನೋಡಬಾರದು ಎಂದು ನಾನಿನ್ನೂ ಅವರಿಗೆ ಒಂದು ಅಕ್ಷರವನ್ನೂ ಹೇಳಿರಲಿಲ್ಲ.

ಆಗ ಒಳಗಿನಿಂದ ಸದ್ದು ಬಂತು.

ಕೋಲು ಕುಟ್ಟುವ ಸದ್ದು. ಮರದ ಹಲಗೆ ಹಾಸಿದ ನೆಲದ ಮೇಲೆ, ಕೆಳಗೆ ಪೊಳ್ಳಿರುವಲ್ಲಿ ಕುಟ್ಟಿದರೆ ಹೇಗೋ ಹಾಗೆ. ಮೊದಲು ನಿಧಾನ, ಆಮೇಲೆ ತಾಳ ಹಿಡಿದು. ಎಸ್ತರ್ ನನ್ನ ಕೈ ಗಟ್ಟಿಯಾಗಿ ಹಿಡಿದು, ತಮ್ಮ ದ್ವೀಪದಲ್ಲಿ ಹಲಗೆ ಹಾಸಿದ ಪುಟ್ಟ ಪ್ರಾರ್ಥನಾ ಮನೆ ಇತ್ತು, ಅಜ್ಜಿ ಪೊರಕೆಯ ಹಿಡಿಕೆಯಿಂದ ಹೀಗೇ ಕುಟ್ಟುತ್ತಿದ್ದಳು ಎಂದರು. ಅವರ ಇಂಗ್ಲಿಷ್ ಒಂದು ಮಾತೂ ತಿಳಿಯದ ಗಂಗವ್ವ ಅದೇ ಹೊತ್ತಿಗೆ ಗಂಡನ ಕಡೆ ತಿರುಗಿ, "ಅವ್ವನ ಬಡಗಿ ಸಪ್ಪಳ ಕೇಳ್ತೇನು?" ಎಂದಳು. ಬಡಗಿ ಎಂದರೆ ಮುದುಕಿ ಊರಿಕೊಂಡು ನಡೆಯುತ್ತಿದ್ದ ಕೋಲು.

ಏಜೆಂಟನಿಗೂ ಕೇಳಿತು. ಅವನಿಗೆ ಹೊಳೆದದ್ದು ಒಂದೇ. "ಒಳಗೆ ಡ್ರಮ್ ಇಟ್ಟಿದಾರೆ ಸಾರ್! ಸುಮ್ನೆ ಆಟ ಕಟ್ತಿದಾರೆ!" ಎಂದು ಕ್ಯಾಮೆರಾ ಎತ್ತಿಕೊಂಡು ನುಗ್ಗಿದ. ನಾನು ತೋಳು ಹಿಡಿದೆ, ಕೊಡವಿಕೊಂಡ. ಬಾಗಿಲಿಗೆ ಒದ್ದ.

ಸದ್ದು ನಿಂತಿತು. ಒಳಗೆ ಯಾರೂ ಇರಲಿಲ್ಲ. ಮಣ್ಣಿನ ನೆಲ, ಎಲೆ, ಅನ್ನ, ನೀರಿನ ತಂಬಿಗೆ.

"ಉಣ್ಣೋರ ಮುಂದ ಬಾಗಲಾ ಒದೀಬಾರದಂತ ನಿನ್ನ ಹಡದಾಕಿ ಹೇಳಿಲ್ಲೇನೋ?" ಎಂದು ಗಂಗವ್ವ ಕೂಗಿದ ಕೂಗಿಗೆ ಗೋದಾಮಿನ ಹಮಾಲರೆಲ್ಲ ಓಡಿಬಂದರು. ಅವರನ್ನು ಕಂಡು ಏಜೆಂಟ ಕಾರು ಹತ್ತಿ ಪರಾರಿ. ತಾನು ಕರೆತಂದ ಹಿರಿಯ ಹೆಂಗಸನ್ನೂ ಅಲ್ಲೇ ಬಿಟ್ಟು!

ಗಂಗವ್ವ ಮತ್ತೆ ಒಲೆ ಹೊತ್ತಿಸಿದಳು. ಎಸ್ತರ್ ಕೇಳದೆಯೇ ಅಕ್ಕಿ ತೊಳೆದುಕೊಟ್ಟರು. ಹೊಸ ಎಡೆ ಹಿಡಿದು, ಬಾಗಿಲು ಮುಚ್ಚಿ, ನಾವೆಲ್ಲ ಬೆನ್ನು ಮಾಡಿ ಕೂತೆವು. ಬೆಕ್ಕಿನ ಮಾತಾಡಿ ನಗುತ್ತಿದ್ದ ನಾನು, ಬಾರವ್ವಾ, ಒಮ್ಮೆ ಕುಟ್ಟು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ದೀಪ ಹಚ್ಚುವ ಹೊತ್ತಾಯಿತು. ಏನೂ ಕೇಳಲಿಲ್ಲ.

ಬಿಸಿಲಿಗೆ ತಗಡು ಬಡಿದುಕೊಂಡಿರಬೇಕು ಎಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ತಗಡು ತಾಳ ಹಿಡಿದು ಬಡಿದುಕೊಳ್ಳುವುದಿಲ್ಲ. ಇಲಿ ಎಂದೂ ಹೇಳಿಕೊಂಡಿದ್ದೇನೆ. ಎರಡು ಸಮುದ್ರದ ಆಚೀಚೆ ಹುಟ್ಟಿದ ಇಬ್ಬರು ಹೆಂಗಸರು ಒಂದು ಇಲಿಯನ್ನು ಅಜ್ಜಿಯೆಂದು, ಅವ್ವನೆಂದು ಗುರುತು ಹಿಡಿಯುತ್ತಾರೆಯೇ? ನನಗೆ ಗೊತ್ತಿಲ್ಲ. ಈ ಹೊತ್ತಿಗೂ ಗೊತ್ತಿಲ್ಲ.

ಗಂಗವ್ವ ಬಾಗಿಲು ತೆಗೆದು ಎಲೆಯನ್ನು ಹಾಗೇ ಮಡಚಿ ಆಕಳಿಗೆ ಹಾಕಿದಳು. ತಾನು ಒಂದು ತುತ್ತೂ ಉಣ್ಣಲಿಲ್ಲ. ನಾಳೆ ಮುಂಜಾನೆಯ ಬಸ್ಸಿಗೆ ಮುಂಡಗೋಡಕ್ಕೆ ಹೋಗುವುದೆಂದು ಗಂಟು ಕಟ್ಟತೊಡಗಿದಳು. ನಿಮ್ಮ ತಾಯಿ ಬರುವ ವರ್ಷ ಬರುತ್ತಾಳೆಯೇ ಎಂದು ಎಸ್ತರ್ ನನ್ನಿಂದ ಕೇಳಿಸಿದರು.

"ಬರ್ತಾಳ್ರಿ, ಮಕ್ಕಳನ್ನ ಬಿಟ್ಟು ಎಲ್ಲಿ ಹೋಗ್ತಾಳ?" ಗಂಗವ್ವ ಗಂಟು ಬಿಗಿದು ನನ್ನ ಮುಖ ನೋಡಿದಳು. "ಆದ್ರ ಮಾಸ್ತರ್ರೀ, ನಿಮ್ಮ ಊರಿಗೆ ಬರಾಂಗಿಲ್ಲ."